ಫೋಟೋದಲ್ಲಿ ಕಲ್ಲು ಎಲ್ಲೈತಿ ತಂಗಿ?

ಕಳೆದ ತಿಂಗಳು ನಮ್ಮ ವಿಭಾಗದ ಕ್ಯಾಂಟೀನಿನಲ್ಲಿ ಜೂನಿಯರ್ ಹುಡುಗನೊಬ್ಬ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾ ತಂದು ಮೇಜಿನ ಮೇಲಿಟ್ಟ. ಪ್ಲಾಸ್ಟಿಕ್ ಹಾಳೆಯನ್ನೂ ಇನ್ನೂ ಕಿತ್ತಿರಲಿಲ್ಲ. ಜನಪದ ಆಚರಣೆಗಳ ಮೇಲೆ ಪಿಎಚ್‌.ಡಿ. ಮಾಡಲು ಹೊರಟವನು. "ಅಕ್ಕಾ, ಬಾಡಿ ಜೊತೆಗೆ 18-55 ಬಂದಿದೆ. ಕೈಲಿ ಇನ್ನೊಂದಿಷ್ಟು ದುಡ್ಡಿದೆ. ಮೊದಲ ಲೆನ್ಸ್ ಯಾವುದು ತಗೊಳ್ಲಿ?" ಎಂದ. ನಾನು ಬಾಯಿ ತೆರೆಯುವ ಮೊದಲೇ ಮೇಜಿನ ಸುತ್ತ ಇದ್ದವರೆಲ್ಲ ಉತ್ತರ ಕೊಟ್ಟಾಗಿತ್ತು. ಒಬ್ಬ 55-250 ಎಂದ. ಇನ್ನೊಬ್ಬ 70-300 ಎಂದ. ಮತ್ತೊಬ್ಬಳು ಅದೆಲ್ಲ ಬೇಡ, 50 ಎಫ್ 1.8 ತಗೋ, ಹಿನ್ನೆಲೆ ಬೆಣ್ಣೆ ಹಾಗೆ ಮಸುಕಾಗುತ್ತೆ ಎಂದಳು. ಹುಡುಗ ಎಲ್ಲವನ್ನೂ ಫೋನಿನಲ್ಲಿ ಬರೆದುಕೊಂಡ.

ನಾನು ಸಿಟ್ಟಿನಲ್ಲಿ ಏನೇನೋ ಅಂದೆ. ಅವನಿಗೆ ನನ್ನ ಸಿಟ್ಟು ಅರ್ಥವಾಗಲಿಲ್ಲ. ಲೆನ್ಸಿನ ವಿಷಯಕ್ಕೆ ಯಾರಾದರೂ ಹೀಗೆ ಕೂಗಾಡುತ್ತಾರೆಯೇ? ಅಂದು ಅರ್ಧಕ್ಕೆ ಬಿಟ್ಟ ಮಾತನ್ನು ಇಲ್ಲಿ ಪೂರ್ತಿ ಮಾಡುತ್ತಿದ್ದೇನೆ. ನನ್ನ ವಾದ ಇಷ್ಟೇ: ಮನುಷ್ಯರ ನಡುವೆ ಕೆಲಸ ಮಾಡಲು ಹೊರಟವರು ಮೊದಲ ಲೆನ್ಸಾಗಿ ಟೆಲಿ ಜೂಮ್ ಕೊಳ್ಳಬಾರದು. ಹಿನ್ನೆಲೆ ಮಸುಕಾಗಲಿ ಎಂಬ ಒಂದೇ ಆಸೆಗೆ 50 ಕೊಳ್ಳಬಾರದು. ನಮಗೆ ಈ ಎರಡನ್ನೂ ಮೊದಲು ಕೊಳ್ಳಿ ಎಂದು ಹೇಳಿಕೊಡುತ್ತಿರುವ ಸಲಹೆ ಬರೀ ತಪ್ಪಲ್ಲ, ಅದು ಒಂದು ಕೆಟ್ಟ ಅಭ್ಯಾಸ. ಆ ಅಭ್ಯಾಸಕ್ಕೆ ಬಿದ್ದು ನಾನು ನನ್ನ ಸಂಶೋಧನೆಯ ಒಂದು ಭಾಗವನ್ನೇ ಕಳೆದುಕೊಂಡೆ.

ನಾನು ಕೆಲಸ ಮಾಡುತ್ತಿರುವುದು ವೀರಗಲ್ಲುಗಳ ಮೇಲೆ. ಅವುಗಳ ಶಾಸನ ಪಾಠದ ಬಗ್ಗೆ ದೊಡ್ಡವರು ಬೇಕಾದಷ್ಟು ಬರೆದಿದ್ದಾರೆ. ನನ್ನ ಆಸಕ್ತಿ ಆ ಕಲ್ಲಿನ ಈಗಿನ ಬದುಕಿನಲ್ಲಿ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವಿನದರಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ವೀರ. ಇಷ್ಟನ್ನು ಯಾವ ಪುಸ್ತಕ ಬೇಕಾದರೂ ಹೇಳುತ್ತದೆ. ಆದರೆ ಇವತ್ತು ಆ ಕಲ್ಲಿಗೆ ಎಣ್ಣೆ ಹಚ್ಚುವವರು ಯಾರು, ಅದನ್ನು ಯಾವ ದೇವರ ಹೆಸರಿನಿಂದ ಕರೆಯುತ್ತಾರೆ, ಯಾರ ಹೊಲದ ಬದುವಿನಲ್ಲಿ ಅದು ನಿಂತಿದೆ, ಯಾರು ಅದರ ಮೇಲೆ ಬಟ್ಟೆ ಒಗೆಯುತ್ತಾರೆ? ಇದಕ್ಕೆ ಊರೂರು ತಿರುಗಬೇಕು. ತಿರುಗಲು ಒಂದು ಕ್ಯಾಮೆರಾ ಬೇಕಿತ್ತು.

ಆರು ತಿಂಗಳ ಫೆಲೋಶಿಪ್ ಬಾಕಿ ಒಟ್ಟಿಗೆ ಬಂದ ವಾರವೇ ಹೋಗಿ ಕೊಂಡೆ. ಅಂಗಡಿಯವನು ಮೊದಲು ತೋರಿಸಿದ್ದೇ ಎರಡು ಲೆನ್ಸಿನ ಡಬ್ಬಿ: 18-55, ಜೊತೆಗೆ 55-250. "ಮೇಡಂ, ಇದಿದ್ರೆ ಹತ್ತಿರದ್ದೂ ಆಯ್ತು, ದೂರದ್ದೂ ಆಯ್ತು, ಇನ್ನೇನು ಬೇಕು?" ಎಂದ. ಮಾತು ಸರಿಯಾಗಿಯೇ ಕೇಳಿಸಿತು. ಅಂಗಡಿಯಿಂದ ಹೊರಗೆ ಬಂದು ಫುಟ್‌ಪಾತಿನಲ್ಲೇ 250ಕ್ಕೆ ತಿರುಗಿಸಿ ರಸ್ತೆಯ ಆಚೆ ಹೂ ಮಾರುತ್ತಿದ್ದವಳ ಮುಖ ತೆಗೆದೆ. ಮುಖ ಪರದೆ ತುಂಬ ಬಂತು, ಹಿಂದಿದ್ದ ಬಸ್ಸು ಬಣ್ಣದ ಕಲೆಯಾಯಿತು. ನನ್ನ ಕೈಗೆ ಏನೋ ಸಿದ್ಧಿ ಬಂದ ಹಾಗಾಯಿತು. ಆಕೆಗೆ ಗೊತ್ತೇ ಆಗಲಿಲ್ಲ. ಆ ಗೊತ್ತಾಗದೆ ಇದ್ದದ್ದೇ ನನಗೆ ಹೆಚ್ಚು ಖುಷಿ ಕೊಟ್ಟಿತು ಎಂಬುದನ್ನು ಈಗ ಒಪ್ಪಿಕೊಳ್ಳಬೇಕು.

ಮುಂದಿನ ವರ್ಷ ಹಿರೇಕೆರೂರು ತಾಲ್ಲೂಕಿನ ಒಂದು ಊರಿನಲ್ಲಿ ಅಮಾವಾಸ್ಯೆಯ ದಿನ ಒಬ್ಬ ಅಜ್ಜಿ ಹೊಲದ ಅಂಚಿನ ವೀರಗಲ್ಲಿಗೆ ಪೂಜೆ ಮಾಡುತ್ತಿದ್ದರು. ನಾನು ರಸ್ತೆಯ ಬೇವಿನ ಮರದ ಕೆಳಗೆ ನಿಂತು, ಹದಿನೈದು ಮೀಟರ್ ದೂರದಿಂದ, 250ರಲ್ಲಿ ಒಂದಾದ ಮೇಲೊಂದು ತೆಗೆದೆ. ಒಂದು ಚಿತ್ರ ಬಹಳ ಚೆನ್ನಾಗಿ ಬಂತು. ಅಜ್ಜಿಯ ಮುಖದ ಸುಕ್ಕು ಒಂದೊಂದೂ ಎಣಿಸುವ ಹಾಗಿತ್ತು. ಕಣ್ಣಲ್ಲಿ ನೀರು ಇತ್ತು. ಹಿಂದೆ ಬರೀ ಹಸಿರು ಮಂಜು. ಒಂದು ವಿಚಾರ ಸಂಕಿರಣದಲ್ಲಿ ಅದನ್ನೇ ಮೊದಲ ಸ್ಲೈಡ್ ಮಾಡಿದೆ. ಅಧ್ಯಕ್ಷತೆ ವಹಿಸಿದ್ದ ಹಿರಿಯರು ನನ್ನ ಪ್ರಬಂಧದ ಬಗ್ಗೆ ಎರಡು ಮಾತು ಆಡಿ, ಆ ಚಿತ್ರದ ಬಗ್ಗೆ ಐದು ನಿಮಿಷ ಮಾತಾಡಿದರು. ಆ ಕಣ್ಣೀರಿನಲ್ಲಿ ಶತಮಾನಗಳ ನೋವು ಇದೆಯಂತೆ. ಚಪ್ಪಾಳೆ ಬಿತ್ತು. ನಾನೂ ನಂಬಿದೆ.

ಚಿತ್ರದ ಒಂದು ಪ್ರಿಂಟ್ ಹಾಕಿಸಿ ಅಜ್ಜಿಗೆ ಕೊಡಲು ಹೋದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಮೊದಲು ಕೇಳಿದ್ದು, "ಯಾವಾಗ ತಗದಿ ಇದನ್ನ? ನಾ ನಿನ್ನ ಕಂಡೇ ಇಲ್ಲಲ್ಲ." ನಾನು ಏನೋ ತೊದಲಿದೆ. ಆಮೇಲೆ ಅಂದರು, "ಕಲ್ಲು ಎಲ್ಲೈತಿ ತಂಗಿ? ಬರೇ ನನ್ನ ಮಾರಿ ಹಿಡದೀಯಲ್ಲ. ನೋಡಿದವ್ರು ಈ ಮುದಿಕಿ ಯಾಕ ಅಳಾಕತ್ತಾಳ ಅಂತಾರ. ಊದಿನಕಡ್ಡಿ ಹೊಗಿ ಕಣ್ಣಿಗೆ ಹೊಡದಿತ್ತವ್ವ ನನಗ."

ಊದಿನಕಡ್ಡಿಯ ಹೊಗೆ. ಶತಮಾನಗಳ ನೋವು ಎಂದು ನಾವು ಚಪ್ಪಾಳೆ ತಟ್ಟಿದ್ದು ಎರಡು ರೂಪಾಯಿ ಊದಿನಕಡ್ಡಿಯ ಹೊಗೆಗೆ. ನನ್ನ ಲೆನ್ಸು ಆ ಕಡ್ಡಿಯನ್ನು ಚೌಕಟ್ಟಿನಿಂದ ಹೊರಗಿಟ್ಟಿತ್ತು, ಹೊಗೆಯನ್ನು ಹಸಿರು ಮಂಜಿನಲ್ಲಿ ಕಲಸಿಬಿಟ್ಟಿತ್ತು. ಉಳಿದದ್ದು ಕಾರಣವಿಲ್ಲದ ಕಣ್ಣೀರು. ಕಾರಣವನ್ನು ನಾವು ನಮ್ಮ ಪುಸ್ತಕಗಳಿಂದ ತಂದು ತುಂಬಿದೆವು.

ಇದು ನಾಚಿಕೆಯ ಕತೆ. ನಷ್ಟದ ಕತೆ ಬೇರೆ ಇದೆ. ಎರಡು ವರ್ಷ ಕಳೆದು ಅಧ್ಯಾಯ ಬರೆಯಲು ಕೂತಾಗ ನನಗೆ ಒಂದು ವಿವರ ಬೇಕಾಯಿತು. ಆ ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿತ್ತು? ಕೆರೆಯ ಏರಿಗೆ ಎಷ್ಟು ದೂರ ಇತ್ತು? ಪಕ್ಕದಲ್ಲಿ ಇನ್ನೊಂದು ಮುರಿದ ಕಲ್ಲು ಇದ್ದ ನೆನಪು, ಅದು ಎಡಕ್ಕೋ ಬಲಕ್ಕೋ? ಆ ಊರಿನ ಕಲ್ಲಿನ 43 ಚಿತ್ರಗಳು ನನ್ನ ಹತ್ತಿರ ಇದ್ದವು. ಒಂದೊಂದರ ಫೈಲಿನ ವಿವರ ತೆರೆದು ನೋಡಿದೆ. 39 ಚಿತ್ರಗಳನ್ನು 150ಕ್ಕಿಂತ ಮೇಲೆ ತೆಗೆದಿದ್ದೆ. ಕಲ್ಲಿನ ಕೆತ್ತನೆ ಇದೆ, ಅಜ್ಜಿಯ ಕೈ ಇದೆ, ಅರಿಸಿನ ಇದೆ. ಜಾಗ ಇಲ್ಲ. ಮತ್ತೆ ಊರಿಗೆ ಹೋದರೆ ರಸ್ತೆ ಅಗಲ ಮಾಡುವಾಗ ಜೆಸಿಬಿಯಲ್ಲಿ ಎತ್ತಿ ಕಲ್ಲನ್ನು ಶಾಲೆಯ ಕಾಂಪೌಂಡಿಗೆ ಒರಗಿಸಿದ್ದರು. ಮುರಿದ ಕಲ್ಲು ಎಲ್ಲಿ ಹೋಯಿತೋ ಯಾರಿಗೂ ಗೊತ್ತಿರಲಿಲ್ಲ. ಬಹುಶಃ ರಸ್ತೆಯ ಕೆಳಗೆ ಹೋಗಿದೆ. ಅಲ್ಲಿ ನಿಂತು ಎರಡು ಹೆಜ್ಜೆ ಮುಂದೆ ಹೋಗಿ 18ಕ್ಕೆ ತಿರುಗಿಸಿ ಒಂದೇ ಒಂದು ಸಲ ಗುಂಡಿ ಒತ್ತಿದ್ದರೆ ಸಾಕಿತ್ತು. ಕ್ಯಾಮೆರಾ ಚೀಲದಲ್ಲಿ ಆ ಲೆನ್ಸು ಇತ್ತು. ಅದನ್ನು "ಪುಕ್ಕಟೆ ಬಂದದ್ದು" ಎಂದು ನಾನು ಹೊರಗೇ ತೆಗೆದಿರಲಿಲ್ಲ.

ಹಾಗಾಗಿ ಈಗ ಲೆನ್ಸಿನ ಲೆಕ್ಕಕ್ಕೆ ಬರೋಣ. ಸಾಹಿತ್ಯದ ವಿದ್ಯಾರ್ಥಿಗಳು ಅಂಕಿಗಳಿಗೆ ಹೆದರಬೇಕಾಗಿಲ್ಲ, ಇಲ್ಲಿ ಇರುವುದು ಎಂಟನೇ ತರಗತಿಯ ಗಣಿತ.

ನಾವು ಕೊಳ್ಳುವ ಅಗ್ಗದ ಎಸ್‌ಎಲ್‌ಆರ್‌ಗಳ ಸೆನ್ಸರ್ ಹಳೆಯ 35 ಎಂ.ಎಂ. ಫಿಲ್ಮಿಗಿಂತ ಚಿಕ್ಕದು. ಕ್ಯಾನನ್‌ನಲ್ಲಿ 1.6 ಪಟ್ಟು, ನಿಕಾನ್‌ನಲ್ಲಿ 1.5 ಪಟ್ಟು ಚಿಕ್ಕದು. ಆದ್ದರಿಂದ 50ರ ಲೆನ್ಸು ಇವುಗಳ ಮೇಲೆ ಫಿಲ್ಮ್ ಕಾಲದ 80 ಅಥವಾ 75ರ ನೋಟ ಕೊಡುತ್ತದೆ. ಫಿಲ್ಮ್ ಕ್ಯಾಮೆರಾದ ಕಾಲದಲ್ಲಿ 50 ಸಹಜ ನೋಟದ ಲೆನ್ಸು. ಕ್ಯಾಮೆರಾ ಜೊತೆಯಲ್ಲೇ ಬರುತ್ತಿತ್ತು. ಅಂರಿ ಕಾರ್ತಿಯೆ ಬ್ರೆಸೋನ್ ತನ್ನ ಲೈಕಾದಲ್ಲಿ ಬಹುಮಟ್ಟಿಗೆ 50 ಒಂದನ್ನೇ ಇಟ್ಟುಕೊಂಡು ಬದುಕಿಡೀ ಕೆಲಸ ಮಾಡಿದ. ಅದನ್ನು ಓದಿದ ನಮ್ಮ ಹುಡುಗರು ಚಿಕ್ಕ ಸೆನ್ಸರಿಗೆ 50 ಹಾಕಿ ತಾವೂ ಅದೇ ದಾರಿಯಲ್ಲಿದ್ದೇವೆ ಎಂದುಕೊಳ್ಳುತ್ತಾರೆ. ಅವನ ನೋಟ ಬೇಕಿದ್ದರೆ ಇವರು ಹಾಕಬೇಕಾದದ್ದು 35ರ ಆಸುಪಾಸಿನದು. ಸಲಹೆ ಒಂದು ಕಾಲದಿಂದ ಇನ್ನೊಂದು ಕಾಲಕ್ಕೆ ಬಂತು, ಲೆಕ್ಕ ಬರಲಿಲ್ಲ.

ಮೂರು ಮೀಟರ್ ದೂರದಲ್ಲಿ ನಿಂತಿದ್ದೀರಿ ಎನ್ನಿ. ಕ್ಯಾನನ್‌ನ ಚಿಕ್ಕ ಸೆನ್ಸರಿನಲ್ಲಿ 50ರ ಲೆನ್ಸಿಗೆ ಕಾಣುವುದು ಸುಮಾರು 1.3 ಮೀಟರ್ ಅಗಲದ ಜಾಗ. 24ಕ್ಕೆ ಸುಮಾರು 2.8 ಮೀಟರ್. 18ಕ್ಕೆ 3.7 ಮೀಟರ್. 250ಕ್ಕೆ ಒಂದು ಅಡಿಯೂ ಇಲ್ಲ. ಹಳ್ಳಿಯ ಮನೆಯ ಪಡಸಾಲೆ ಎಷ್ಟು ಅಗಲ ಇರುತ್ತದೆ? ಹತ್ತು ಅಡಿ, ಹನ್ನೆರಡು ಅಡಿ. ಗೋಡೆಗೆ ಬೆನ್ನು ಒರಗಿಸಿ ನಿಂತರೂ 50ರಲ್ಲಿ ಕತೆ ಹೇಳುವ ಅಜ್ಜ ಬರುತ್ತಾನೆ, ಕೇಳುತ್ತ ಕೂತ ಮೊಮ್ಮಕ್ಕಳು ಬರುವುದಿಲ್ಲ. ಜನಪದ ಅಧ್ಯಯನ ಮಾಡುವವರಿಗೆ ಕೇಳುವವರಿಲ್ಲದ ಕತೆಗಾರನಿಂದ ಏನು ಪ್ರಯೋಜನ?

50 ಎಫ್ 1.8ರಲ್ಲಿ ಗುಣವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಅಗ್ಗ, ಹಗುರ, ಬೆಳಕನ್ನು ಚೆನ್ನಾಗಿ ಕುಡಿಯುತ್ತದೆ. ಟೆಲಿ ಜೂಮು ಉದ್ದದ ತುದಿಯಲ್ಲಿ ಎಫ್ 5.6ಕ್ಕೆ ನಿಲ್ಲುತ್ತದೆ, 1.8 ಅದಕ್ಕಿಂತ ಒಂಬತ್ತು-ಹತ್ತು ಪಟ್ಟು ಬೆಳಕು ಬಿಟ್ಟುಕೊಳ್ಳುತ್ತದೆ. ರಾತ್ರಿಯ ಬಯಲಾಟಕ್ಕೆ ಅದು ದೊಡ್ಡ ವ್ಯತ್ಯಾಸ. ನನ್ನ ಜಗಳ ಆ ಬೆಳಕನ್ನು ಬಳಸುವ ರೀತಿಯ ಮೇಲೆ. ನಡುಮಧ್ಯಾಹ್ನ ಸಂತೆಯಲ್ಲೂ 1.8ಕ್ಕೆ ತೆರೆದಿಟ್ಟು ಸಂತೆಯನ್ನೇ ಅಳಿಸಿಬಿಡುವವರ ಮೇಲೆ.

ಈ ಮಸುಕಿಗೆ ಜಪಾನಿ ಭಾಷೆಯಿಂದ ಬಂದ ಒಂದು ಹೆಸರಿದೆ, ಬೊಕೆ. ನಮ್ಮ ಫೋಟೋ ಸ್ಪರ್ಧೆಗಳನ್ನು, ಕ್ಯಾಲೆಂಡರುಗಳನ್ನು, ಅಕಾಡೆಮಿಕ್ ಪುಸ್ತಕಗಳ ಮುಖಪುಟಗಳನ್ನು ನೋಡಿ. ಒಬ್ಬ ಮುದುಕ, ಬಿಳಿ ಗಡ್ಡ, ಬೀಡಿ, ಹಿಂದೆ ಕತ್ತಲು. ಒಬ್ಬಳು ಅಜ್ಜಿ, ಮೂಗುತಿ, ಸುಕ್ಕು, ಹಿಂದೆ ಮಂಜು. ಊರು ಇಲ್ಲ, ಕಸುಬು ಇಲ್ಲ, ಪಕ್ಕದ ಮನೆ ಇಲ್ಲ, ರೇಷನ್ ಅಂಗಡಿ ಇಲ್ಲ. ಈ ಮುಖಗಳನ್ನು ಬೀದರಿನಿಂದ ಕೊಡಗಿಗೆ ಎತ್ತಿ ಇಟ್ಟರೂ ಯಾರಿಗೂ ವ್ಯತ್ಯಾಸ ತಿಳಿಯದು. ಒಂದು ವಚನವನ್ನೋ ಕಾವ್ಯವನ್ನೋ ಅದರ ಕಾಲ, ಜಾತಿ, ಕಸುಬುಗಳಿಂದ ಕಿತ್ತು "ಸಾರ್ವಕಾಲಿಕ ಮೌಲ್ಯ" ಎಂದು ಓದುವವರನ್ನು ನಾವು ತರಗತಿಯಲ್ಲಿ ಹಿಡಿದು ಜಾಡಿಸುತ್ತೇವೆ. ಅದೇ ನಾವು ಭಾನುವಾರ ಕ್ಯಾಮೆರಾ ಹಿಡಿದು ಹೊರಟರೆ ಮಾಡುವುದು ಅದೇ ಕೆಲಸ. ಸಂದರ್ಭವನ್ನು ಅಳಿಸಿ ಮುಖವನ್ನು ಉಳಿಸುವುದು. ಬರವಣಿಗೆಯಲ್ಲಿ ತಪ್ಪು ಎನಿಸಿದ್ದು ಚಿತ್ರದಲ್ಲಿ ಸೌಂದರ್ಯ ಹೇಗಾಗುತ್ತದೆ?

ಸೂಸನ್ ಸೊಂಟಾಗ್ 1977ರಲ್ಲಿ ಬಂದ ತನ್ನ 'ಆನ್ ಫೋಟೋಗ್ರಫಿ' ಪುಸ್ತಕದಲ್ಲಿ ಕ್ಯಾಮೆರಾವನ್ನು ಬಂದೂಕಿಗೆ ಹೋಲಿಸಿದ್ದು ನಮ್ಮ ವಿಭಾಗಗಳಲ್ಲಿ ಎಲ್ಲರಿಗೂ ಗೊತ್ತು. ಪರೀಕ್ಷೆಗೂ ಬರೆಯುತ್ತೇವೆ. ಬರೆದು ಬಂದು ಬೇವಿನ ಮರದ ಮರೆಯಲ್ಲಿ ನಿಂತು "ಶೂಟ್" ಮಾಡುತ್ತೇವೆ. ಸಿದ್ಧಾಂತ ಗೊತ್ತಿದ್ದರೆ ಸಾಲದು. ಚೀಲದಲ್ಲಿರುವ ಲೆನ್ಸು ಸಿದ್ಧಾಂತಕ್ಕಿಂತ ಬೇಗ ಕೈಗೆ ಬರುತ್ತದೆ. ಮರೆಯಲ್ಲಿ ನಿಲ್ಲಲು ಅನುಕೂಲ ಮಾಡುವ ಉಪಕರಣ ಕೈಯಲ್ಲಿದ್ದರೆ ಮರೆಯಲ್ಲೇ ನಿಲ್ಲುತ್ತೇವೆ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನೂ ಬಿಡಿಸಬೇಕು. ಟೆಲಿ ಲೆನ್ಸು ದೂರದ್ದನ್ನು ಹತ್ತಿರ ತರುತ್ತದೆ ಎನ್ನುತ್ತಾರೆ. ತರುವುದಿಲ್ಲ. ಅದು ದೂರದಿಂದ ಕಂಡದ್ದರ ಒಂದು ತುಂಡನ್ನು ಕತ್ತರಿಸಿ ದೊಡ್ಡದು ಮಾಡುತ್ತದೆ, ಅಷ್ಟೇ. ಯಾವುದು ಮುಂದೆ, ಯಾವುದು ಹಿಂದೆ, ಎಷ್ಟು ಅಂತರ, ಏನನ್ನು ಏನು ಮರೆಮಾಡಿದೆ ಎಂಬುದನ್ನು ನಿರ್ಧರಿಸುವುದು ನೀವು ನಿಂತ ಜಾಗವೇ ಹೊರತು ಲೆನ್ಸಲ್ಲ. ನಂಬಿಕೆ ಬಾರದಿದ್ದರೆ ಒಂದೇ ಕಡೆ ನಿಂತು 18ರಲ್ಲೂ 55ರಲ್ಲೂ ತೆಗೆಯಿರಿ, 18ರ ಚಿತ್ರದ ನಡುಭಾಗವನ್ನು ಕತ್ತರಿಸಿ ಪಕ್ಕಕ್ಕಿಟ್ಟು ನೋಡಿ. ವಸ್ತುಗಳ ಸಂಬಂಧ ಕೂದಲೆಳೆಯಷ್ಟೂ ಬದಲಾಗಿರುವುದಿಲ್ಲ. ಬದಲಾಗಬೇಕಾದರೆ ಕಾಲು ಎತ್ತಿಡಬೇಕು.

ಇದನ್ನು ಹಂಪಿಗಿಂತ ಚೆನ್ನಾಗಿ ಹೇಳಿಕೊಟ್ಟ ಜಾಗ ಇನ್ನೊಂದಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಅಲ್ಲಿ ಮೇಣ ಹಚ್ಚಿದ ಕಾಗದದ ದೊಡ್ಡ ದೊಡ್ಡ ನೆಗೆಟಿವ್‌ಗಳ ಮೇಲೆ ಚಿತ್ರ ತೆಗೆದ. ಇಂದು ಬಿದ್ದುಹೋಗಿರುವ ಎಷ್ಟೋ ಭಾಗ ಆ ಚಿತ್ರಗಳಲ್ಲಿ ನಿಂತಿವೆ. ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ 1980ರ ದಶಕದಲ್ಲಿ ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ, ಅಲ್ಲೇ ನಿಂತು ಮತ್ತೆ ತೆಗೆದ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಏನು ಉಳಿದಿದೆ, ಏನು ಹೋಗಿದೆ, ಯಾವುದನ್ನು ಮತ್ತೆ ಕಟ್ಟಿದ್ದಾರೆ ಎಂದು ಓದಬಹುದು. ಗೋಲಿಂಗ್ಸ್‌ಗೆ ಇದು ಸಾಧ್ಯವಾದದ್ದು ಹಳೆಯ ಚಿತ್ರದಲ್ಲಿ ಬಂಡೆ, ಕಂಬ, ಬೆಟ್ಟದ ಅಂಚು ಎಲ್ಲ ಇದ್ದವು, ಹಾಗಾಗಿ ನಿಂತ ಜಾಗ ಸಿಕ್ಕಿತು. ನನ್ನ 39 ಚಿತ್ರಗಳನ್ನು ಹಿಡಿದು ಇನ್ನು ನೂರು ವರ್ಷ ಬಿಟ್ಟು ಯಾರಾದರೂ ಬಂದರೆ ನಾನು ಎಲ್ಲಿ ನಿಂತಿದ್ದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ನೂರು ವರ್ಷ ಯಾಕೆ, ಎರಡೇ ವರ್ಷಕ್ಕೆ ನನಗೇ ಗೊತ್ತಾಗಲಿಲ್ಲ.

ಕಲ್ಲಿನಿಂದ ಶಾಸನದ ಪಡಿಯಚ್ಚು ತೆಗೆಯುವವರನ್ನು ನೋಡಿದ್ದೀರಾ? ಕಲ್ಲು ತೊಳೆದು, ಒದ್ದೆ ಕಾಗದ ಅಂಟಿಸಿ, ಬ್ರಷ್‌ನಿಂದ ಬಡಿದು ಅಕ್ಷರದ ತಗ್ಗಿಗೆ ಕಾಗದ ಇಳಿಸಿ, ಮೇಲೆ ಮಸಿ ಒತ್ತುತ್ತಾರೆ. ಅರ್ಧ ದಿನ ಬೇಕು. ಅಷ್ಟು ಹೊತ್ತು ಒಬ್ಬ ಹೊರಗಿನವನು ಊರ ಕಲ್ಲಿನ ಮುಂದೆ ಕೂತರೆ ಊರೇ ಬಂದು ಸುತ್ತ ನಿಲ್ಲುತ್ತದೆ. ಯಾರು ನೀವು, ಯಾಕೆ, ನಿಧಿ ಹುಡುಕಾಕ್ ಬಂದೀರೇನು? ಉತ್ತರ ಕೊಡಬೇಕು. ಆ ಉತ್ತರ ಕೊಡುವ ಹೊತ್ತಿನಲ್ಲೇ ಕಲ್ಲಿನ ಕತೆ ಹುಟ್ಟುತ್ತದೆ. ಟೆಲಿ ಲೆನ್ಸು ನಮ್ಮನ್ನು ಪಾರು ಮಾಡುವುದು ಈ ಪ್ರಶ್ನೆಗಳಿಂದ. ಪಾರಾದವರಿಗೆ ಕತೆಯೂ ಸಿಗುವುದಿಲ್ಲ.

ನನ್ನ ಮಾತಿಗೆ ಬರುವ ತಕರಾರುಗಳು ನನಗೆ ಗೊತ್ತು. ಕ್ಯಾಂಟೀನಿನಲ್ಲೇ ಕೇಳಿದ್ದೇನೆ.

ಮೊದಲನೆಯದು ತೇಜಸ್ವಿ. ಕನ್ನಡ ಓದುವ ಹುಡುಗರು ಕ್ಯಾಮೆರಾ ಕೊಳ್ಳಲು ಅರ್ಧ ಕಾರಣ ಪೂರ್ಣಚಂದ್ರ ತೇಜಸ್ವಿ. ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳ ಚಿತ್ರ ತೆಗೆದವರು ಉದ್ದದ ಲೆನ್ಸು ಬಳಸಲಿಲ್ಲವೇ? ಬಳಸಿದರು, ಬಳಸಲೇಬೇಕು. ಹಕ್ಕಿಗೆ ನಾವು ಮಾತಾಡಿಸಿ ಒಪ್ಪಿಗೆ ಕೇಳಲಾಗುವುದಿಲ್ಲ. ಗೂಡಿನ ಹತ್ತಿರ ಹೋದರೆ ಅದು ಗೂಡು ಬಿಟ್ಟು ಹೋದೀತು. ಅಲ್ಲಿ ದೂರ ನಿಲ್ಲುವುದೇ ಮರ್ಯಾದೆ. ಆದರೆ ತೇಜಸ್ವಿಯವರ ಹಕ್ಕಿಗಳ ಬಗೆಗಿನ ತಿಳಿವಳಿಕೆ ಹುಟ್ಟಿದ್ದು ವರ್ಷಗಟ್ಟಲೆ ಒಂದೇ ಕಾಡಂಚಿನಲ್ಲಿ ಬದುಕಿ, ಕಾದು, ನೋಡಿ. ಅದನ್ನು ಲೆನ್ಸಿನ ಡಬ್ಬಿಯಲ್ಲಿ ಮಾರುವುದಿಲ್ಲ. ಇನ್ನೊಂದು ಮಾತು: ನಿಜವಾಗಿ ಹಕ್ಕಿ ಹಿಂದೆ ಬಿದ್ದವರನ್ನು ಕೇಳಿ, 400 ಬೇಕು, 600 ಬೇಕು ಎನ್ನುತ್ತಾರೆ. ಹಕ್ಕಿಗೆ 250 ಸಾಲದು. ಮನುಷ್ಯರಿಗೆ ಅದು ಜಾಸ್ತಿ. ನಮ್ಮ ಡಬ್ಬಿಯ ಎರಡನೇ ಲೆನ್ಸಿನ ಪಾಡು ಇದು.

ಎರಡನೆಯದು ಹೆಣ್ಣುಮಕ್ಕಳ ತಕರಾರು. ಇದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಗೊತ್ತಿಲ್ಲದ ಊರಿನ ಜಾತ್ರೆಯಲ್ಲಿ, ಕುಡಿದ ಗಂಡಸರ ಗುಂಪಿನ ಹತ್ತಿರ ಹೋಗಿ 24ರಲ್ಲಿ ಚಿತ್ರ ತೆಗೆ ಎಂದು ನನಗೆ ಯಾರಾದರೂ ಹೇಳಿದರೆ ನಾನೂ ಬೈಯುತ್ತೇನೆ. ದೂರ ನಿಲ್ಲಲೇಬೇಕಾದ ಸಂದರ್ಭ ಇವೆ. ಆಗ ನಾನು ಚಿತ್ರ ತೆಗೆಯುವುದಿಲ್ಲ, ನೋಡಿ ಬಂದು ಬರೆದುಕೊಳ್ಳುತ್ತೇನೆ. ಆದರೆ ಪ್ರಾಮಾಣಿಕವಾಗಿ ಲೆಕ್ಕ ಹಾಕಿದರೆ, ನಾನು ದೂರ ನಿಂತ ಹತ್ತು ಸಲದಲ್ಲಿ ಎಂಟು ಸಲ ಎದುರಿಗಿದ್ದದ್ದು ಅಜ್ಜಿಯರು, ಮಕ್ಕಳು, ಮಡಕೆ ಮಾಡುವವರು, ಬುಟ್ಟಿ ಹೆಣೆಯುವವರು. ಅವರಿಂದ ನನಗೆ ಅಪಾಯ ಇರಲಿಲ್ಲ. ನನಗೆ ಇದ್ದದ್ದು ಸಂಕೋಚ. ಬೇಡ ಎಂದುಬಿಟ್ಟರೆ ಎಂಬ ಭಯ. ಬೇಡ ಎನ್ನುವ ಹಕ್ಕನ್ನು ಅವರಿಂದ ಕಸಿದುಕೊಂಡೇ ಆ ಭಯದಿಂದ ತಪ್ಪಿಸಿಕೊಂಡೆ.

ಮೂರನೆಯದು, ಹತ್ತಿರ ಹೋದರೆ ಸಹಜತೆ ಕೆಡುತ್ತದೆ, ಜನ ಕ್ಯಾಮೆರಾಕ್ಕೆ ನಿಂತುಬಿಡುತ್ತಾರೆ ಎಂಬುದು. ನಿಲ್ಲಲಿ. ಮೊದಲ ಹತ್ತು ನಿಮಿಷ ನಿಲ್ಲುತ್ತಾರೆ. ಸೆರಗು ಸರಿಮಾಡಿಕೊಳ್ಳುತ್ತಾರೆ, ಮಗನನ್ನು ಕೂಗುತ್ತಾರೆ, ಒಳಗಿನಿಂದ ತೀರಿಹೋದ ಗಂಡನ ಫೋಟೋ ತಂದು ಹಿಡಿದುಕೊಳ್ಳುತ್ತಾರೆ. ಇದು ಅಸಹಜ ಎಂದು ಹೇಳಿದವರು ಯಾರು? ತಾವು ಹೇಗೆ ಕಾಣಬೇಕು ಎಂದು ಅವರೇ ನಿರ್ಧರಿಸುವ ಹೊತ್ತು ಅದು. ಮೈಸೂರಿನ ಟಿ.ಎಸ್. ಸತ್ಯನ್ ಯುನಿಸೆಫ್‌ಗಾಗಿಯೂ ಪತ್ರಿಕೆಗಳಿಗಾಗಿಯೂ ದಶಕಗಳ ಕಾಲ ಸಾಮಾನ್ಯ ಜನರ, ಮಕ್ಕಳ ಚಿತ್ರ ತೆಗೆದರು. ಆ ಕಪ್ಪು ಬಿಳುಪು ಚಿತ್ರಗಳಲ್ಲಿ ಜನರ ಜೊತೆಗೆ ಅವರ ಬೀದಿ, ಶಾಲೆ, ಮನೆಯಂಗಳ ಇವೆ. ಕದ್ದು ನೋಡಿದ ಭಾವ ನನಗೆ ಅವುಗಳಲ್ಲಿ ಎಲ್ಲೂ ಕಂಡಿಲ್ಲ.

ನಾಲ್ಕನೆಯದು ತಾಂತ್ರಿಕ: ಅಗಲ ಲೆನ್ಸಿನಲ್ಲಿ ಮುಖ ವಿಕಾರವಾಗುತ್ತದೆ, ಮೂಗು ದೊಡ್ಡದಾಗುತ್ತದೆ. ಅರ್ಧ ಅಡಿ ದೂರದಿಂದ ತೆಗೆದರೆ ಆಗುತ್ತದೆ. ಆರೇಳು ಅಡಿ ದೂರ ನಿಂತು, ಮುಖವನ್ನು ಚೌಕಟ್ಟಿನ ಮೂಲೆಗೆ ತಳ್ಳದೆ, ಅವರ ಮನೆಬಾಗಿಲನ್ನೂ ಸೇರಿಸಿ ತೆಗೆದರೆ ಮೂಗು ಇದ್ದಷ್ಟೇ ಇರುತ್ತದೆ. ಆರೇಳು ಅಡಿ ಎಂದರೆ ಇಬ್ಬರು ಮಾತಾಡುತ್ತ ಕೂರುವ ಅಂತರ.

ಹಾಗಾದರೆ ಏನು ಕೊಳ್ಳಬೇಕು? ಮೊದಲ ಆರು ತಿಂಗಳು ಏನೂ ಬೇಡ. ಜೊತೆಯಲ್ಲಿ ಬಂದ 18-55 ಲೆನ್ಸನ್ನು ಬೈಯುವುದು ಒಂದು ಫ್ಯಾಷನ್ ಆಗಿದೆ. ಅದು ಒಳ್ಳೆಯ ಲೆನ್ಸು. ಕ್ಯಾನನ್‌ನದು ಸುಮಾರು ಕಾಲು ಮೀಟರ್ ಹತ್ತಿರದವರೆಗೂ ಫೋಕಸ್ ಮಾಡುತ್ತದೆ, ತಾಳೆಗರಿಯ ಅಕ್ಷರಗಳನ್ನು 50 ಎಫ್ 1.8ಕ್ಕಿಂತ ದೊಡ್ಡದಾಗಿ ಹಿಡಿಯುತ್ತದೆ. ಜೂಮ್ ಉಂಗುರವನ್ನು 24ಕ್ಕೋ 35ಕ್ಕೋ ತಿರುಗಿಸಿ ಮೇಲೆ ಒಂದು ಟೇಪ್ ಅಂಟಿಸಿ. ಆರು ತಿಂಗಳು ಕಾಲಿನಿಂದಲೇ ಜೂಮ್ ಮಾಡಿ. ಆಮೇಲೆ ಟೇಪ್ ಕಿತ್ತು, ನಿಮ್ಮ ಚಿತ್ರಗಳ ವಿವರ ತೆಗೆದು ಯಾವ ಅಂಕಿಯಲ್ಲಿ ಹೆಚ್ಚು ತೆಗೆದಿದ್ದೀರಿ, ಎಲ್ಲಿ ಬೆಳಕು ಸಾಲಲಿಲ್ಲ ಎಂದು ನೋಡಿ. ಕತ್ತಲ ಪಡಸಾಲೆಗಳು ತೊಂದರೆ ಕೊಟ್ಟಿದ್ದರೆ ನಿಕಾನ್‌ನವರು ಡಿಎಕ್ಸ್ 35 ಎಫ್ 1.8, ಕ್ಯಾನನ್‌ನವರು 24 ಎಫ್ 2.8 ನೋಡಬಹುದು. ನಿಕಾನ್‌ನ 3000, 5000 ಸರಣಿಯ ಬಾಡಿಗಳಲ್ಲಿ ಫೋಕಸ್ ಮೋಟರ್ ಇಲ್ಲ. ಅವಕ್ಕೆ ಹಳೆಯ ಎಎಫ್-ಡಿ ಲೆನ್ಸು ಕೊಂಡರೆ ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ. ಅಗ್ಗಕ್ಕೆ ಸಿಕ್ಕಿತು ಎಂದು ಬೀಳಬೇಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳಲು ಹಿಂಜರಿಯಬೇಕಾಗಿಲ್ಲ. ಎಲ್ಲರೂ ಮಿರರ್‌ಲೆಸ್ ಕಡೆಗೆ ಓಡುತ್ತಿರುವ ಈ ಹೊತ್ತಿನಲ್ಲಿ ಎಸ್‌ಎಲ್‌ಆರ್ ಲೆನ್ಸುಗಳು ವಿದ್ಯಾರ್ಥಿಗಳ ಕೈಗೆ ಎಟುಕುತ್ತಿವೆ. ಆದರೆ ಲೆನ್ಸಿನೊಳಗೆ ಟಾರ್ಚ್ ಬಿಟ್ಟು ನೋಡಿ. ಮಲೆನಾಡಿನಲ್ಲೋ ಕರಾವಳಿಯಲ್ಲೋ ಎರಡು ಮಳೆಗಾಲ ಬೀರುವಿನಲ್ಲಿ ಕಳೆದ ಲೆನ್ಸಿನಲ್ಲಿ ಜೇಡರ ಬಲೆಯ ಹಾಗೆ ಬೂಸ್ಟು ಹಿಡಿದಿರುತ್ತದೆ. ನೀವು ಕೊಂಡದ್ದನ್ನೂ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಶಾಸನಗಳಿಗೆ ಹೋಗುವವರು ಟೆಲಿ ಲೆನ್ಸಿನ ದುಡ್ಡಿನಲ್ಲಿ ಒಂದು ಒಳ್ಳೆಯ ಟಾರ್ಚು, ಒಂದು ಟ್ರೈಪಾಡ್ ಕೊಳ್ಳಿ. ಸವೆದ ಅಕ್ಷರದ ಮೇಲೆ ಸಂಜೆ ಹೊತ್ತು ಪಕ್ಕದಿಂದ, ಕಲ್ಲಿಗೆ ಸವರಿದ ಹಾಗೆ ಬೆಳಕು ಬಿಟ್ಟರೆ ನಡುಹಗಲಿನಲ್ಲಿ ಕಾಣದ ಸಾಲುಗಳು ಎದ್ದು ನಿಲ್ಲುತ್ತವೆ. ಯಾವ ಲೆನ್ಸೂ ಇದನ್ನು ಮಾಡಿಕೊಡುವುದಿಲ್ಲ. ಉಳಿದ ದುಡ್ಡು ಬಸ್ ಚಾರ್ಜಿಗೆ ಇರಲಿ. ಒಂದು ಸಲ ಹೋದ ಊರಿಗೆ ಪ್ರಿಂಟ್ ಹಿಡಿದು ಎರಡನೇ ಸಲ ಹೋಗಲು ಅದು ಬೇಕು.

ಟೆಲಿ ಲೆನ್ಸಿಗೂ ಜಾಗ ಇದೆ. ದೇವಸ್ಥಾನದ ಶಿಖರದ ಶಿಲ್ಪಕ್ಕೆ ಹತ್ತಿರ ಹೋಗಲಾಗದು. ಹೊರಗಿನವರು ಗೆರೆ ದಾಟಬಾರದ ಆಚರಣೆಗಳಿವೆ, ಆ ಗೆರೆಯನ್ನು ಎಳೆದವರು ಅವರು, ಅದರ ಆಚೆಯಿಂದ ಅವರಿಗೆ ಹೇಳಿಯೇ ತೆಗೆಯಬಹುದು. ಅದು ಎರಡನೆಯದೋ ಮೂರನೆಯದೋ ಲೆನ್ಸಾಗಿ ಬರಲಿ. ಹತ್ತಿರ ಹೋಗಿ ಅಭ್ಯಾಸವಾದವರ ಕೈಯಲ್ಲಿ ಅದು ಉಪಕರಣ. ಹತ್ತಿರ ಹೋಗುವ ಮೊದಲೇ ಸಿಕ್ಕಿದರೆ ಅದು ಬೇವಿನ ಮರ.

ಹೋದ ಯುಗಾದಿಯ ನಂತರ ಮತ್ತೆ ಆ ಊರಿಗೆ ಹೋಗಿದ್ದೆ. ಅಜ್ಜಿ ಈಗ ಶಾಲೆಯ ಕಾಂಪೌಂಡಿನ ಹತ್ತಿರ ಬಂದು ಕಲ್ಲಿಗೆ ಎಣ್ಣೆ ಹಾಕುತ್ತಾರೆ. ಈ ಸಲ ಕೇಳಿಯೇ ತೆಗೆದೆ. ಅವರು ಸೊಸೆಯನ್ನು ಕರೆದರು, ಮೊಮ್ಮಗನ ಕೈಗೆ ತಟ್ಟೆ ಕೊಟ್ಟರು, "ಆ ಕಡ್ಡಿ ಹೊಗಿನೂ ಬರ್ಲಿ ನೋಡವ್ವ" ಎಂದು ನಕ್ಕರು. 24ರಲ್ಲಿ ಕಲ್ಲು, ಅಜ್ಜಿ, ಸೊಸೆ, ಹುಡುಗ, ಶಾಲೆಯ ಗೋಡೆಯ ಮೇಲಿನ ಅಕ್ಷರಮಾಲೆ, ಹಿಂದೆ ಹೊಸ ರಸ್ತೆ ಎಲ್ಲ ಬಂದಿವೆ. ಸ್ಪರ್ಧೆಗೆ ಕಳಿಸಿದರೆ ಮೊದಲ ಸುತ್ತಿನಲ್ಲೇ ಬೀಳುವ ಚಿತ್ರ. ಆದರೆ ಕಲ್ಲು ಮೊದಲು ಎಲ್ಲಿತ್ತು ಎಂದು ಮಾತ್ರ ಅದೂ ಹೇಳುವುದಿಲ್ಲ. ನನ್ನ ಪ್ರಬಂಧದಲ್ಲಿ ಆ ಜಾಗದಲ್ಲಿ ಒಂದು ಅಡಿಟಿಪ್ಪಣಿ ಇದೆ: ಮೂಲಸ್ಥಾನದ ದಿಕ್ಕು ದಾಖಲಾಗಿಲ್ಲ. ದಾಖಲಿಸದವಳು ನಾನೇ ಎಂದು ಅದರಲ್ಲಿ ಬರೆದಿಲ್ಲ. ಅದಕ್ಕೇ ಇಲ್ಲಿ ಬರೆದೆ.

ಜೂನಿಯರ್ ಹುಡುಗ ಕೊನೆಗೆ 55-250 ಕೊಂಡ. ಆಫರ್ ಇತ್ತಂತೆ. ಈ ಭಾನುವಾರ ರಂಗನತಿಟ್ಟಿಗೆ ಹೋಗುತ್ತಾನೆ, ಖುಷಿಯಾಗಿ ಹೋಗಿಬರಲಿ. ಮುಂದಿನ ತಿಂಗಳು ಅವನ ಕ್ಷೇತ್ರಕಾರ್ಯ ಶುರು. ಆ ಚೀಲದಲ್ಲಿ ಅದನ್ನು ಇಟ್ಟುಕೊಳ್ಳಬೇಡ, ಹಾಸ್ಟೆಲ್ಲಿನಲ್ಲೇ ಬಿಟ್ಟು ಹೋಗು ಎಂದಿದ್ದೇನೆ. "ನೋಡ್ತೀನಿ ಅಕ್ಕಾ" ಎಂದಿದ್ದಾನೆ.